ಸಾವಯವವೆಂದರೆ ಸಜೀವವಲ್ಲ

ಆಕಾಶದಿಂದ ಬಿದ್ದ ಕಲ್ಲಿನಲ್ಲಿ ಒಂದು ಸಾವಯವ ವಸ್ತು ಕಂಡಿತೆಂದರೆ ಸಾಕು, 'ಅನ್ಯಲೋಕದಲ್ಲಿ ಜೀವ!' ಎಂದು ಡಂಗುರ ಹೊಡೆಯುವವರಿಗೆ ನಮ್ಮಲ್ಲಿ ಬರವಿಲ್ಲ. ತಪ್ಪು ಕಲ್ಲಿನದಲ್ಲ, 'ಸಾವಯವ' ಎಂಬ ಮಾತನ್ನು ನಾವು ಬಳಸುವ ರೀತಿಯದು. ಗೊಬ್ಬರದಂಗಡಿಯಲ್ಲಿ ಅದಕ್ಕೆ ಒಂದು ಅರ್ಥ. ರಸಾಯನಜ್ಞನಿಗೆ ಅದು ಇಂಗಾಲದ ಸಂಯುಕ್ತ, ಅಷ್ಟೆ. ಪ್ರಾಣಿಯ ನೆರವಿಲ್ಲದೆ ಯೂರಿಯಾ ಮಾಡಬಹುದೆಂದು ವೋಲರನು 1828ರಲ್ಲಿಯೇ ತೋರಿಸಿದ. ಆ ಪಾಠ ನಮಗಿನ್ನೂ ಬಂದಂತಿಲ್ಲ.

ನಮ್ಮ ಭದ್ರಾವತಿಯವರಿಗಂತೂ ಈ ಭ್ರಮೆ ಸಲ್ಲದು. 1923ರಲ್ಲಿ ಇಲ್ಲಿ ಕಬ್ಬಿಣ ಕರಗಿಸತೊಡಗಿದಾಗ ಉರಿಸಿದ್ದು ಕಲ್ಲಿದ್ದಲನ್ನಲ್ಲ, ಮಲೆನಾಡಿನ ಸೌದೆಯ ಇದ್ದಿಲನ್ನು. ಗಾಳಿಯಾಡದ ಪಾತ್ರೆಯಲ್ಲಿ ಸೌದೆಯನ್ನು ಕಾಯಿಸಿದರೆ ಇದ್ದಿಲು ಉಳಿಯುತ್ತದೆ. ಹೊರಟ ಆವಿಯನ್ನು ತಣಿಸಿದರೆ ಮೀಥೈಲ್ ಆಲ್ಕೊಹಾಲ್, ಅಸಿಟಿಕ್ ಆಮ್ಲ, ಟಾರು ದೊರೆಯುತ್ತವೆ. ಅದೇ ಮೀಥೈಲ್ ಆಲ್ಕೊಹಾಲ್ ಧೂಮಕೇತುಗಳಲ್ಲಿಯೂ ಇದೆ. ಅದೇ ಅಸಿಟಿಕ್ ಆಮ್ಲ 1969ರ ಸೆಪ್ಟೆಂಬರ್ 28ರಂದು ಆಸ್ಟ್ರೇಲಿಯದ ಮರ್ಚಿಸನ್ ಊರಿನಲ್ಲಿ ಬಿದ್ದ ಉಲ್ಕಾಶಿಲೆಯಲ್ಲಿಯೂ ಇದೆ. ಆ ಕಲ್ಲಿನಿಂದ ಸ್ಪಿರಿಟ್ಟಿನ ವಾಸನೆ ಬರುತ್ತಿತ್ತೆಂದು ಅಲ್ಲಿಯವರು ಹೇಳಿದರು.

'ಸೌದೆ ಮರದ್ದು, ಮರಕ್ಕೆ ಜೀವವಿತ್ತಲ್ಲ ಸ್ವಾಮಿ?' ಎಂದು ಯಾರಾದರೂ ನನ್ನನ್ನು ಹಿಡಿದು ನಿಲ್ಲಿಸಬಹುದು. ಇತ್ತು, ಒಪ್ಪಿದೆ. ಆದರೆ ಬಾಹ್ಯಾಕಾಶದ ಧೂಳಿನ ಕಣದ ಮೇಲೆ ಹೆಪ್ಪುಗಟ್ಟಿದ ಇಂಗಾಲದ ಮಾನಾಕ್ಸೈಡಿಗೆ ಜಲಜನಕ ಕೂಡಿದರೂ ಹುಟ್ಟುವುದು ಅದೇ ಆಲ್ಕೊಹಾಲು. ಅಲ್ಲಿ ಮರವೆಲ್ಲಿ?

ಜೀವದ ಗುರುತು ಬೇಕಾದರೆ ಬೇರೆ ಕಡೆ ನೋಡಬೇಕು. ಅಮೈನೋ ಆಮ್ಲಗಳಲ್ಲಿ ಬಹುಪಾಲಿಗೆ ಎಡಗೈ ಬಲಗೈಗಳಂತೆ ಎರಡು ರೂಪಗಳುಂಟು. ನಮ್ಮ ಮೈ ತನ್ನ ಪ್ರೋಟೀನನ್ನು ಕಟ್ಟುವುದು ಎಡದ್ದರಿಂದಲೇ. ಬೆನ್ನು ಎಂಬ ಕ್ಷುದ್ರಗ್ರಹದಿಂದ ಅಮೆರಿಕದ ನೌಕೆ 2023ರಲ್ಲಿ ತಂದ ಮಣ್ಣಿನಲ್ಲಿ, ಪ್ರೋಟೀನಿನ 20 ಆಮ್ಲಗಳ ಪೈಕಿ 14 ಸಿಕ್ಕವೆಂದು 2025ರಲ್ಲಿ ಪ್ರಕಟವಾಯಿತು. ಇಷ್ಟನ್ನು ಕೂಗಿ ಹೇಳಿದವರು, ಅಲ್ಲಿ ಎಡಬಲಗಳು ಸುಮಾರಾಗಿ ಸಮಪಾಲಿನಲ್ಲಿದ್ದವೆಂಬುದನ್ನೇಕೆ ನುಂಗಿಕೊಂಡರು? ನಿಜವಾದ ಸುದ್ದಿ ಅದೇ ಅಲ್ಲವೆ? ಮರ್ಚಿಸನ್ ಕಲ್ಲಿನ ಕೆಲವು ಆಮ್ಲಗಳಲ್ಲಿ ಎಡದ್ದು ತುಸು ಹೆಚ್ಚಿತ್ತು. ಭೂಮಿಯ ಜೀವ ಎಡಕ್ಕೆ ವಾಲಿದ್ದು ಆ ತುಸುವಿನಿಂದಲೇ ಎಂದು ಕೆಲವು ವಿದ್ವಾಂಸರು ಊಹಿಸಿದ್ದರು. ಬೆನ್ನುವಿನ ಮಣ್ಣು ಆ ಊಹೆಯನ್ನೇ ಅಲುಗಿಸಿದೆ.

ಯುರೋಪಿನ ರೊಸೆಟ್ಟಾ ನೌಕೆ 67ಪಿ ಧೂಮಕೇತುವಿನಲ್ಲಿ ಗ್ಲೈಸೀನ್ ಕಂಡುಹಿಡಿದ ವಾರ್ತೆ 2016ರದು. ಗ್ಲೈಸೀನಿಗೆ ಎಡಬಲವೇ ಇಲ್ಲ! ಅದನ್ನು ಕರೆತಂದು ಜೀವದ ಪರವಾಗಿ ಸಾಕ್ಷಿ ಹೇಳಿಸುವುದು ಮೂಗನನ್ನು ಕಟಕಟೆಗೆ ಹತ್ತಿಸಿದಂತೆ.

ಪತ್ರಿಕೆಯವರಲ್ಲಿ ನನ್ನದು ಒಂದೇ ಬಿನ್ನಹ. ಇನ್ನು ಮುಂದೆ ತಲೆಬರಹದಲ್ಲಿ 'ಇಂಗಾಲದ ಸಂಯುಕ್ತ' ಎಂದೇ ಅಚ್ಚುಹಾಕಿರಿ. ಜಾಗ ಸಾಲದಿದ್ದರೆ ಆಶ್ಚರ್ಯಸೂಚಕ ಚಿಹ್ನೆಯನ್ನು ತೆಗೆದುಬಿಡಿ.