ಲಾಂಛನದ ಹುಡುಗಿಗೆ ಬಾಯಿ ಬೇಕು

ವಾಕ್ ಸ್ವಾತಂತ್ರ್ಯಕ್ಕಾಗಿ ದುಡಿಯುವ ಸಂಘವೊಂದು ಜಪಾನಿನ ಅನಿಮೆ ಶೈಲಿಯ ಹುಡುಗಿಯೊಬ್ಬಳನ್ನು ಲಾಂಛನವಾಗಿ ಬರೆಸಿಕೊಂಡರೆ ತಪ್ಪೇನು? ಶೈಲಿ ಪರದೇಶದ್ದೆಂಬ ಆಕ್ಷೇಪ ನನಗಿಲ್ಲ. ಆ ಶೈಲಿಗೆ ದಾರಿ ಹಾಕಿದ ಒಸಾಮು ತೆಜುಕಾ ಅವರೂ ಡಿಸ್ನಿಯ ಚಿತ್ರಗಳಿಂದ ಕಲಿತವರೇ. ಆದರೆ ಅಲ್ಲಿ ಕಣ್ಣು ಬಹು ದೊಡ್ಡದು, ಬಾಯಿ ಸಾಸಿವೆಯಷ್ಟು. ಮಾತಿನ ಹಕ್ಕನ್ನು ಸಾರಬೇಕಾದವಳಿಗೆ ಅದು ಸಾಲದು.

ನಮ್ಮಲ್ಲಿಯೇ ಎರಡು ಮಾದರಿಗಳಿವೆ. ಮೈಸೂರಿನವರಾದ ಆರ್.ಕೆ. ಲಕ್ಷ್ಮಣರು 1951ರಿಂದ ಬರೆದ, ಚೌಕಳಿ ಕೋಟಿನ ಶ್ರೀಸಾಮಾನ್ಯ ಮಾತನಾಡುವುದಿಲ್ಲ. ಎಲ್ಲವನ್ನೂ ನೋಡುತ್ತಾನೆ, ಕೇಳಿಸಿಕೊಳ್ಳುತ್ತಾನೆ. ಇನ್ನೊಬ್ಬಳು ಕೊರವಂಜಿ. ‘ರಾಶಿ’ ಎಂದೇ ಖ್ಯಾತರಾದ ಡಾ. ಎಂ. ಶಿವರಾಂ 1942ರಲ್ಲಿ ತಮ್ಮ ಹಾಸ್ಯಪತ್ರಿಕೆಗೆ ಅವಳ ಹೆಸರನ್ನೇ ಇಟ್ಟರು. ಲಕ್ಷ್ಮಣರ ಆರಂಭದ ಚಿತ್ರಗಳೂ ಅದರಲ್ಲಿ ಬಂದವು.

ನಮ್ಮ ಹುಲಿಕುಂಟೆ ಸೀಮೆಯ ಹಿರಿಯರು ಕಣಿ ಹೇಳುವ ಕೊರವಂಜಿಯನ್ನು ಬಲ್ಲರು. ಗೌಡರ ಮನೆಯಾಗಲಿ, ಕೂಲಿಯವನ ಗುಡಿಸಲಾಗಲಿ, ಕೈ ಹಿಡಿದು, ಮುಖ ನೋಡಿ ಹೇಳುವವಳು. ಆದುದರಿಂದ ನನ್ನ ಮತ ಅವಳಿಗೇ. ಆದರೆ ಅವಳನ್ನು ನಗೆಪಾಟಲಿನ ವೇಷವಾಗಿಸಬಾರದು. ಬ್ರಿಟಿಷರ ಆಳ್ವಿಕೆಯಲ್ಲಿ ಮದ್ರಾಸು ಪ್ರಾಂತದ ಕೊರವರು ‘ಅಪರಾಧಿ ಬುಡಕಟ್ಟು’ ಎಂಬ ಹಣೆಪಟ್ಟಿಯನ್ನು ಹೊತ್ತವರು. ಊರಿಗೆಲ್ಲ ಭವಿಷ್ಯ ನುಡಿದವರ ಅಹವಾಲನ್ನು ಕೇಳಿದವರು ವಿರಳ.

ಚಿತ್ರ ಬರೆಯುವ ನನ್ನ ಶಿಷ್ಯರೇ, ಕಣ್ಣನ್ನು ನಿಮ್ಮಿಷ್ಟದಂತೆ ಬರೆಯಿರಿ. ಬಾಯಿ ಮಾತ್ರ ತೆರೆದಿರಲಿ. ಕಿವಿಯನ್ನು ಕೂದಲಿನಿಂದ ಮುಚ್ಚಬೇಡಿ. ಸಂವಿಧಾನದ 19ನೆಯ ವಿಧಿ ಕೊಟ್ಟ ಮಾತಿನ ಹಕ್ಕು ನಮಗೆ ಹಿಡಿಸದವರಿಗೂ ಸೇರಿದ್ದು. ಅವರ ಮಾತನ್ನು ಕೇಳಲೊಲ್ಲದ ಸಂಘಕ್ಕೆ ಎಂತಹ ಲಾಂಛನವಿದ್ದರೂ ವ್ಯರ್ಥ.