ಪಟ್ಟಣಕ್ಕೂ ಒಡ್ಡು ಬೇಕು

ಹೊಲಕ್ಕೆ ಒಡ್ಡು ಹಾಕದ ರೈತನ ಮಣ್ಣು ಮೊದಲ ದೊಡ್ಡ ಮಳೆಗೇ ಕೆಳಗಿನವರ ಹೊಲ ಸೇರುತ್ತದೆ. ಇದು ನಮ್ಮ ಭಾಗದ ಪ್ರತಿಯೊಬ್ಬ ಒಕ್ಕಲಿಗನಿಗೂ ಗೊತ್ತು. ಆದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳು ಇಂದು ಒಡ್ಡಿಲ್ಲದ ಹೊಲಗಳಂತೆ ಬೆಳೆಯುತ್ತಿವೆ. ಜೋಳ, ಕಬ್ಬು ಬೆಳೆದ ನೆಲ ನಿವೇಶನವಾಗುತ್ತಿದೆ. ಹಳ್ಳಗಳು ಗಟಾರಗಳಾಗುತ್ತಿವೆ. ರಸ್ತೆ ಅಗಲವಾದಂತೆ ಹಳೆಯ ಬೇವಿನ ಗಿಡಗಳು ಉರುಳುತ್ತಿವೆ.

ಪಟ್ಟಣದ ಚಿಂತೆ ನಮಗೇಕೆ ಎಂದು ರೈತ ಬಾಂಧವರು ಕೇಳಬಹುದು. ಲೆಕ್ಕ ಹಾಕಿ ನೋಡೋಣ. ಒಂದು ಎಕರೆಯ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಅದು ಸುಮಾರು ಒಂದು ಲಕ್ಷ ಲೀಟರ್ ನೀರು. ಒಡ್ಡು ಹಾಕಿದ ಹೊಲದಲ್ಲಿ ಅದರ ಬಹುಪಾಲು ನಿಂತು ಇಂಗುತ್ತದೆ. ಅದೇ ಎಕರೆಗೆ ಸಿಮೆಂಟು ಹೊದಿಸಿದರೆ ಹೆಚ್ಚುಕಡಿಮೆ ಎಲ್ಲ ನೀರೂ ಗಳಿಗೆಯೊಳಗೆ ಹರಿದು, ಚರಂಡಿಯ ಹೊಲಸನ್ನು ಹೊತ್ತುಕೊಂಡು, ಊರ ಕೆಳಗಿನ ಹೊಲಕ್ಕೆ ನುಗ್ಗುತ್ತದೆ. ಆ ಹೊಲ ರೈತನದೇ. ಇಂಗದ ನೀರಿನಿಂದ ಬತ್ತುವ ಬೋರ್‌ವೆಲ್ಲೂ ಅವನದೇ.

ಮುಂದಿನ ದಿನಗಳು ಇನ್ನೂ ಬಿಗಿಯಾಗಲಿವೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡ 7ರಷ್ಟು ಹೆಚ್ಚು ತೇವ ಹಿಡಿಯಬಲ್ಲದು. ಆದ್ದರಿಂದ ಬಿಸಿಲೂ ಹೆಚ್ಚುತ್ತದೆ, ಸುರಿದಾಗ ಮಳೆಯೂ ಒಮ್ಮೆಲೇ ಸುರಿಯುತ್ತದೆ. ಬೆಂಗಳೂರಿನ ಗತಿಯನ್ನೇ ನೋಡಿ. ಕೆರೆಗಳನ್ನೂ ರಾಜಕಾಲುವೆಗಳನ್ನೂ ಒತ್ತಿಕೊಂಡ ಆ ನಗರದಲ್ಲಿ 2022ರ ಸೆಪ್ಟೆಂಬರಿನ ಮಳೆಗೆ ರಸ್ತೆಗಳು ಹೊಳೆಗಳಾದವು. ಕಂಪ್ಯೂಟರ್ ಕಂಪನಿಗಳ ನೌಕರರು ಟ್ರ್ಯಾಕ್ಟರ್ ಏರಿ ಕೆಲಸಕ್ಕೆ ಹೋಗಬೇಕಾಯಿತು.

ಗಿಡಮರ, ಕೆರೆ, ಹಳ್ಳ, ತೆರೆದ ನೆಲ ಇವುಗಳಿಂದಲೇ ಪಟ್ಟಣವನ್ನು ಕಾಯುವ ಉಪಾಯಕ್ಕೆ ತಜ್ಞರು ಈಗ ಹಸಿರು ಮೂಲಸೌಕರ್ಯ ಎನ್ನುತ್ತಾರೆ. ಹೆಸರು ಹೊಸದಾದರೂ ಕೆಲಸ ರೈತನಿಗೆ ಹೊಸದಲ್ಲ. ಓಡುವ ನೀರನ್ನು ನಡೆಸುವುದು, ನಡೆಯುವ ನೀರನ್ನು ನಿಲ್ಲಿಸುವುದು, ನಿಂತ ನೀರನ್ನು ಇಂಗಿಸುವುದು, ಇಷ್ಟೇ.

ಇದಕ್ಕೂ ಮಿತಿಯುಂಟು. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ ನದಿಗಳಿಗೆ ಬಂದಂಥ ಮಹಾಪೂರವನ್ನು ಬೇವಿನ ಸಾಲು ತಡೆಯಲಾರದು. ಘಟ್ಟದ ಮೇಲೆ ಬಿದ್ದ ಮಳೆಯ ನೀರು ಅದು. ಆದರೆ ಹೊಳೆಯು ಹರಡುವ ತಗ್ಗಿನಲ್ಲಿ ಮನೆ ಕಟ್ಟದೆ ಮೇವು, ತೋಟ, ಗಿಡಗಳಿಗೆ ಬಿಟ್ಟರೆ ಪ್ರಾಣಹಾನಿಯೂ ಮನೆಹಾನಿಯೂ ಕಡಿಮೆಯಾಗುತ್ತವೆ. ರಬಕವಿ-ಬನಹಟ್ಟಿಯಂಥ ನೇಕಾರರ ಊರಿನಲ್ಲಿ ತಗಡಿನ ಮಾಡಿನ ಕೆಳಗೆ ಮಗ್ಗ ನಡೆಸುವವರಿಗೆ ಪಡುವಣ ದಿಕ್ಕಿನ ನಾಲ್ಕು ಗಿಡಗಳ ನೆರಳು ಬೇಸಿಗೆಯಲ್ಲಿ ದೊಡ್ಡ ಆಸರೆ.

ಇದರಲ್ಲಿ ರೈತರ ಕೈಯಲ್ಲಿರುವ ಕೆಲಸಗಳೂ ಉಂಟು. ಹೊಲವನ್ನು ನಿವೇಶನಕ್ಕೆ ಮಾರುವಾಗ ಅದರೊಳಗಿನ ಹಳ್ಳವನ್ನು ಮುಚ್ಚಬಾರದೆಂದು ಕರಾರು ಮಾಡಿಕೊಳ್ಳಬೇಕು. ಬದುವಿನ ಬೇವು, ಹುಣಸೆ, ಹೊಂಗೆಗಳನ್ನು ಉಳಿಸಿ ನಕಾಶೆಯಲ್ಲಿ ತೋರಿಸಲು ಹೇಳಬೇಕು. ಗಿಡ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಿದೆ, ಉದ್ಯಾನ ಮತ್ತು ಬಯಲು ಜಾಗಗಳ ರಕ್ಷಣೆಗೆ 1985ರ ಕಾಯ್ದೆಯಿದೆ ಎಂಬುದನ್ನು ತಿಳಿದಿರಬೇಕು. ಉದ್ಯಾನಕ್ಕೆಂದು ಬಿಟ್ಟ ಜಾಗದಲ್ಲಿ ಕಟ್ಟಡ ಏಳುತ್ತಿದ್ದರೆ ನಗರಸಭೆಗೆ, ಪಟ್ಟಣ ಪಂಚಾಯಿತಿಗೆ ಲಿಖಿತ ತಕರಾರು ಕೊಡಬೇಕು.

ಸರಕಾರ ಮಾಡಲಿ ಎಂದು ಕೈಕಟ್ಟಿ ಕೂಡ್ರುವ ಜನ ನಮ್ಮವರಲ್ಲ. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ತಾವೇ ಹಣ ಕೂಡಿಸಿ, ಬೆವರು ಸುರಿಸಿ 1989ರಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರವೆಂಬ ಹೆಸರು ಬಂದದ್ದು ಸಾರ್ಥಕವೇ. ಹೊಳೆಯನ್ನೇ ನಿಲ್ಲಿಸಿದ ಕೈಗಳಿಗೆ ಊರ ಪಕ್ಕದ ಒಂದು ಹಳ್ಳವನ್ನು ಉಳಿಸುವುದು ಭಾರವಾಗದು. ಬರುವ ಮುಂಗಾರಿನ ಮೊದಲು ಪ್ರತಿ ವಾಚನಾಲಯದಲ್ಲೂ ಈ ಮಾತು ಚರ್ಚೆಯಾಗಲಿ. ನಿಮ್ಮ ಊರಿಗೂ ಪಟ್ಟಣಕ್ಕೂ ನಡುವೆ ಹರಿಯುವ ಹಳ್ಳ ಯಾವುದು, ಅದು ಎಲ್ಲೆಲ್ಲಿ ಮುಚ್ಚಿಹೋಗಿದೆ ಎಂಬುದನ್ನು ಮೊದಲು ನಡೆದು ನೋಡಿ ಬನ್ನಿ.