ಇನ್ಫೋಸಿಸ್ ನಮಗೇನಾಗಬೇಕು?

ನಮ್ಮ ಕಡೆ ಮದುವೆ ಮನೆಗಳಲ್ಲಿ ಪಕ್ಕದ ಕುರ್ಚಿಗೆ ಹೊಸಬರು ಬಂದು ಕೂತರೆ ಮೊದಲು ಕೇಳುವ ಪ್ರಶ್ನೆ, ‘ಹುಡುಗಿ ಕಡೆಯವರು ನಿಮಗೆ ಏನಾಗಬೇಕು?’ ಅಂತ. ಸೋದರಮಾವನೋ, ಷಡ್ಡಕನೋ, ಪಕ್ಕದ ಮನೆಯವರೋ ಅಂತ ಗೊತ್ತಾದ ಮೇಲೇ ಮಾತು ಮುಂದಕ್ಕೆ ಹೋಗೋದು. ಇನ್ಫೋಸಿಸ್ ಬಗ್ಗೆ ಜನ ಮಾತಾಡುವುದನ್ನು ಕೇಳಿದಾಗಲೆಲ್ಲ ನನಗೆ ಇದೇ ಪ್ರಶ್ನೆ ಬರುತ್ತೆ. ಈ ಕಂಪನಿ ನಮಗೆ ಏನಾಗಬೇಕು? ಟೂತ್‌ಪೇಸ್ಟ್ ಕಂಪನಿ ಬಗ್ಗೆ ಯಾರಾದರೂ ‘ಬೆಳೆದ ಮೇಲೆ ನಮ್ಮನ್ನ ಮರೆತುಬಿಟ್ಟ’ ಅಂತ ನೊಂದುಕೊಳ್ತಾರಾ? ಇನ್ಫೋಸಿಸ್ ಬಗ್ಗೆ ನೊಂದುಕೊಳ್ತಾರೆ. ಹೊಗಳುವಾಗಲೂ ಹಾಗೇ, ಅಣ್ಣನ ಮಗ ರ‍್ಯಾಂಕ್ ಬಂದ ಹಾಗೆ ಹೊಗಳ್ತಾರೆ. ಮೈಸೂರಿನಲ್ಲಂತೂ ಇದನ್ನು ಇಪ್ಪತ್ತು ವರ್ಷದಿಂದ ಕೇಳ್ತಾ ಇದ್ದೇನೆ.

ಇದಕ್ಕೆ ಕಾರಣ, ಆ ಕಂಪನಿಯ ಕಥೆ ನಮ್ಮ ಮನೆಗಳಿಗೆ ಬಂದ ದಾರಿ. ಪತ್ರಿಕೆಯ ವಾಣಿಜ್ಯ ಪುಟವನ್ನು ನಾವು ಎಷ್ಟು ಜನ ಓದ್ತಿದ್ದೆವು ಹೇಳಿ? ಶಿಡ್ಲಘಟ್ಟದಲ್ಲಿ ಹುಟ್ಟಿ, ಮೈಸೂರಿನ ಎನ್‌ಐಇಯಲ್ಲಿ ಎಂಜಿನಿಯರಿಂಗ್ ಓದಿದ ಮೇಷ್ಟ್ರ ಮಗ. ಹುಬ್ಬಳ್ಳಿಯ ಹೆಣ್ಣುಮಗಳು ಕೂಡಿಟ್ಟುಕೊಂಡಿದ್ದ 10,000 ರೂಪಾಯಿ. 1981ರಲ್ಲಿ ಪುಣೆಯಲ್ಲಿ ಏಳು ಜನ ಸೇರಿ ಶುರು ಮಾಡಿದ ಕಂಪನಿ 1983ರಲ್ಲಿ ಬೆಂಗಳೂರಿಗೆ ಬಂತು, ಮೈಕೋ ಕಾರ್ಖಾನೆಯ ಕೆಲಸ ಹಿಡಿದು. ಟೆಲಿಫೋನ್‌ಗೆ, ಕಂಪ್ಯೂಟರ್ ಆಮದಿಗೆ ಸರ್ಕಾರಿ ಕಚೇರಿಗಳನ್ನು ಅಲೆದದ್ದನ್ನು ನಾರಾಯಣ ಮೂರ್ತಿಯವರು ಎಷ್ಟೋ ಸಲ ಹೇಳಿದ್ದಾರೆ. ಆ ಹತ್ತು ಸಾವಿರದ ಕಥೆಯನ್ನು ಸುಧಾ ಮೂರ್ತಿಯವರು ತಾವೇ ಬರೆದರು, ಹೇಳಿದರು. ನಾವು ಅದನ್ನು ಮಧ್ಯಾಹ್ನ ಊಟ ಮುಗಿಸಿ, ಕಾಲು ಚಾಚಿ ಕೂತು ಓದಿದೆವು. ಸೀರೆ, ಸರಳತೆ, ಉಳಿತಾಯದ ಮಾತು ಬಂದಲ್ಲೆಲ್ಲ ಅವರ ಹೆಸರು ಬಂತು. ಹೀಗೆ ಬ್ಯಾಲೆನ್ಸ್ ಶೀಟಿಗಿಂತ ಮೊದಲು ಆ ಮನೆಯ ಅಡುಗೆಕೋಣೆ ನಮಗೆ ಪರಿಚಯವಾಯಿತು.

ಗಂಡಹೆಂಡತಿ ಇಬ್ಬರೂ ಒಂದೇ ಕಂಪನಿಯಲ್ಲಿ ಇರಬಾರದು ಅಂತ ಮೂರ್ತಿಯವರು ಹೆಂಡತಿಯನ್ನು ಹೊರಗಿಟ್ಟ ವಿಷಯವನ್ನೇ ತಗೊಳ್ಳಿ. ಆ ಕಾಲಕ್ಕೆ ಅವರೇ ಅವರಿಗಿಂತ ಹೆಚ್ಚು ಅರ್ಹರು ಅಂತ ಮೂರ್ತಿಯವರೇ ಆಮೇಲೆ ಹೇಳಿದರು, ತಮ್ಮ ಆ ನಿಲುವು ತಪ್ಪಾಗಿತ್ತು ಅಂತಲೂ ಒಪ್ಪಿಕೊಂಡರು. ನಮ್ಮ ಮಹಿಳಾ ಸಮಾಜದಲ್ಲಿ ಈ ವಿಷಯ ಚರ್ಚೆಯಾದಷ್ಟು ಯಾವ ಬಜೆಟ್ಟೂ ಆಗಿಲ್ಲ. ‘ನಮ್ಮೆಜಮಾನ್ರು ಹಾಗೆ ಅಂದಿದ್ರೆ ನಾನು ಬಿಡ್ತಿರಲಿಲ್ಲ’ ಅನ್ನೋರು ಒಂದು ಕಡೆ, ‘ಅದಕ್ಕೇ ಕಂಪನಿ ಉದ್ಧಾರ ಆಗಿದ್ದು’ ಅನ್ನೋರು ಇನ್ನೊಂದು ಕಡೆ.

ಆದರೆ ಈ ಬಂಧುತ್ವ ಮೊದಲಿನಿಂದ ಇತ್ತು ಅಂತ ತಿಳಿಯಬೇಡಿ. 1993ರಲ್ಲಿ ಇನ್ಫೋಸಿಸ್ ಸಾರ್ವಜನಿಕರಿಗೆ ಷೇರು ಬಿಟ್ಟಾಗ ಒಂದರ ಬೆಲೆ 95 ರೂಪಾಯಿ. ಕೊಳ್ಳುವವರು ಸಾಲದೆ, ಉಳಿದದ್ದನ್ನು ಮಾರ್ಗನ್ ಸ್ಟಾನ್ಲಿ ಎಂಬ ಅಮೆರಿಕದ ಸಂಸ್ಥೆ ಎತ್ತಿಕೊಂಡಿತು. ನಮ್ಮ ಊರಿನ ಹುಡುಗ, ನಮ್ಮ ಹುಬ್ಬಳ್ಳಿ ಸೊಸೆ ಅಂತ ಆವತ್ತು ಯಾರೂ ಸಾಲುಗಟ್ಟಿ ನಿಲ್ಲಲಿಲ್ಲ. 1999ರಲ್ಲಿ ಅಮೆರಿಕದ ನಾಸ್ಡಾಕ್ ಷೇರುಪೇಟೆಯಲ್ಲಿ ನೋಂದಾಯಿತವಾದ ಮೊದಲ ಭಾರತೀಯ ಕಂಪನಿ ಅಂತಾದಾಗ ಏಕಾಏಕಿ ಎಲ್ಲರಿಗೂ ಅದು ‘ನಮ್ಮದು’ ಆಯಿತು. ಅಲ್ಲಿಂದ ಇವತ್ತಿನವರೆಗೆ ‘ಆವತ್ತು ಒಂದು ನೂರು ಷೇರು ತಗೊಂಡಿದ್ದಿದ್ರೆ’ ಅನ್ನುವ ಮಾತಿಲ್ಲದೆ ಒಂದು ಗೃಹಪ್ರವೇಶವೂ ಮುಗಿಯೋದಿಲ್ಲ. ನೂರು ಷೇರು ಅಂದರೆ 9,500 ರೂಪಾಯಿ. ಬೋನಸ್ ಷೇರಿನ ಮೇಲೆ ಬೋನಸ್ ಷೇರು ಬಂದು ಅದು ಇವತ್ತು ಎಷ್ಟಾಗುತ್ತಿತ್ತು ಅಂತ ಲೆಕ್ಕ ಹಾಕಿ ಹೊಟ್ಟೆ ಉರಿಸಿಕೊಳ್ಳುವವರು, ಆ ದಿನಗಳಲ್ಲಿ ಅಷ್ಟು ದುಡ್ಡು ಕೈಯಲ್ಲಿ ಇದ್ದಿದ್ದರೆ ಒಡವೆ ಮಾಡಿಸುತ್ತಿದ್ದರು ಅಷ್ಟೇ.

ಆಮೇಲಿನದು ಮದುವೆ ಪೇಟೆಯ ಕಾಲ. ‘ಹುಡುಗ ಇನ್ಫೋಸಿಸ್‌ನಲ್ಲಿ ಇದ್ದಾನೆ’ ಅಂತಲೂ ಅಲ್ಲ, ‘ಹುಡುಗ ಇನ್ಫೋಸಿಸ್ಸು’ ಅಂತಲೇ ಹೇಳ್ತಿದ್ದರು, ಗೋತ್ರ ಹೇಳಿದ ಹಾಗೆ. ಮೈಸೂರಿನ ಹೆಬ್ಬಾಳದ ಕಡೆ 300 ಎಕರೆಗೂ ಮಿಕ್ಕಿ ಕ್ಯಾಂಪಸ್ ಎದ್ದಿತು. ಗ್ರೀಕ್ ದೇವಸ್ಥಾನದಂತೆ ಕಂಬಗಳ ಸಾಲಿರುವ ಕಟ್ಟಡ, ಚೆಂಡಿನ ಆಕಾರದ ಚಿತ್ರಮಂದಿರ. ದೂರದೂರದ ರಾಜ್ಯಗಳಿಂದ ಸಾವಿರಾರು ಮಕ್ಕಳು ಬಂದು ತಿಂಗಳುಗಟ್ಟಲೆ ಕಲಿತು ಹೋದರು. ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೆ ಕುತ್ತಿಗೆಗೆ ಟ್ಯಾಗ್ ಹಾಕಿಕೊಂಡೇ ಏರುತ್ತಿದ್ದ ಹುಡುಗ ಹುಡುಗಿಯರನ್ನು ನೋಡಿ, ‘ಪಾಪ, ಮಕ್ಕಳು ಮನೆ ಬಿಟ್ಟು ಬಂದಿವೆ’ ಅಂದವರೂ ನಾವೇ, ‘ಇವರಿಂದ ಬಾಡಿಗೆ ಏರಿತು’ ಅಂದವರೂ ನಾವೇ. ಬಾಡಿಗೆ ಏರಿಸಿದ ಕೈ ಯಾವುದು ಅಂತ ಮಾತ್ರ ಯಾರೂ ಹೇಳುತ್ತಿರಲಿಲ್ಲ.

ಬಂಧುವಾದ ಮೇಲೆ ಮುನಿಸೂ ಬರಬೇಕಲ್ಲ. 2004ರಲ್ಲಿ ಎಸ್.ಎಂ. ಕೃಷ್ಣ ಅವರ ಪಕ್ಷ ಬಹುಮತ ಕಳೆದುಕೊಂಡಾಗ ‘ಐಟಿಯವರ ಹಿಂದೆ ಹೋಗಿ ಬರಗಾಲದ ರೈತರನ್ನ ಮರೆತರು’ ಅನ್ನುವ ಮಾತು ಊರೂರಲ್ಲಿ ಓಡಾಡಿತು. 2005ರಲ್ಲಿ ಕಂಪನಿಗೆ ಕೊಟ್ಟ ಭೂಮಿಯ ಬಗ್ಗೆ, ಬೆಂಗಳೂರು ವಿಮಾನ ನಿಲ್ದಾಣ ಕಂಪನಿಯಲ್ಲಿ ಮೂರ್ತಿಯವರು ಮಾಡಿದ ಕೆಲಸದ ಬಗ್ಗೆ ದೇವೇಗೌಡರು ಪ್ರಶ್ನೆ ಎತ್ತಿದರು. ಮೂರ್ತಿಯವರು ಆ ಅಧ್ಯಕ್ಷ ಸ್ಥಾನವನ್ನೇ ಬಿಟ್ಟರು. ಆಗ ನಡೆದ ಜಗಳ ನೆನಪಿದೆಯಾ? ಗೌಡರ ಪರವೋ ಮೂರ್ತಿಯವರ ಪರವೋ ಅಂತ ಮನೆಮನೆಯಲ್ಲಿ ಎರಡು ಪಾರ್ಟಿ. ಇಬ್ಬರ ಸ್ವಭಾವದ ಬಗ್ಗೆ ಎಲ್ಲರೂ ಮಾತಾಡಿದರು. ಕಂಪನಿಗಳಿಗೆ ಎಕರೆಗೆ ಏನು ದರ, ಯಾವ ಷರತ್ತು, ಪಾಲಿಸದಿದ್ದರೆ ಏನು ಅನ್ನುವ ಮಾತು ಮಾತ್ರ ಗಲಾಟೆಯಲ್ಲಿ ಕಾಣೆಯಾಯಿತು. ನನಗೆ ಇವತ್ತಿಗೂ ಬೇಜಾರು ಅದೇ. ಗೌಡರು ಎತ್ತಿದ್ದು ಕೇಳಲೇಬೇಕಾದ ಪ್ರಶ್ನೆ, ಆದರೆ ನಾವು ಅದನ್ನು ದಾಯಾದಿ ಜಗಳ ಮಾಡಿಕೊಂಡು ನೋಡಿದೆವು.

2007ರ ಏಪ್ರಿಲ್‌ನಲ್ಲಿ ಆಗ ರಾಷ್ಟ್ರಪತಿಯಾಗಿದ್ದ ಕಲಾಂ ಅವರು ಮೈಸೂರು ಕ್ಯಾಂಪಸ್ಸಿಗೆ ಬಂದಾಗ ರಾಷ್ಟ್ರಗೀತೆಯನ್ನು ಹಾಡದೆ ವಾದ್ಯದಲ್ಲಿ ಮಾತ್ರ ನುಡಿಸಿದರು. ವಿದೇಶಿಯರಿಗೆ ಮುಜುಗರ ಆಗಬಾರದು ಅಂತ ಮೂರ್ತಿಯವರು ಕೊಟ್ಟ ಕಾರಣ ಬೆಂಕಿಗೆ ತುಪ್ಪ ಹೊಯ್ದಿತು. ಅವರು ಕ್ಷಮೆ ಕೇಳಿದರು. ಅಷ್ಟಾದರೂ ಅದು 2011ರ ಬೆಳಗಾವಿಯ ವಿಶ್ವ ಕನ್ನಡ ಸಮ್ಮೇಳನದವರೆಗೂ ಬೆನ್ನು ಬಿಡಲಿಲ್ಲ. ಉದ್ಘಾಟನೆಗೆ ಅವರನ್ನು ಕರೆದದ್ದಕ್ಕೆ ಸಾಹಿತಿಗಳು ಆಕ್ಷೇಪ ಎತ್ತಿದರು. ರಾಷ್ಟ್ರಗೀತೆಯ ಜೊತೆಗೆ, ಇಂಗ್ಲಿಷ್ ಮಾಧ್ಯಮದ ಪರ ಅವರು ಆಡಿದ್ದ ಮಾತೂ ಅದರಲ್ಲಿತ್ತು. ಇದರಲ್ಲಿ ನನ್ನ ಮನಸ್ಸು ಸಾಹಿತಿಗಳ ಕಡೆಗೇ ಇತ್ತು ಅನ್ನಿ. ಆದರೆ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿ, ಇನ್ಫೋಸಿಸ್ ಕೆಲಸಕ್ಕೆ ಹರಕೆ ಹೊತ್ತ ಮನೆಯವರೂ ಅವತ್ತು ‘ಕನ್ನಡಕ್ಕೆ ಏನು ಮಾಡಿದ್ದಾರೆ ಇವರು?’ ಅಂತ ಗುಡುಗಿದ್ದನ್ನು ಕಿವಿಯಾರೆ ಕೇಳಿದ್ದೇನೆ. 2022ರಲ್ಲಿ ರಿಷಿ ಸುನಕ್ ಬ್ರಿಟನ್ನಿನ ಪ್ರಧಾನಿಯಾದಾಗ ಅದೇ ಮನೆಯವರ ಪಾಲಿಗೆ ಅವರು ‘ನಮ್ಮ ಅಳಿಯ’.

70 ಗಂಟೆಯ ಮಾತನ್ನು ಬಿಟ್ಟು ಮುಂದಕ್ಕೆ ಹೋಗೋದು ಹೇಗೆ? 2023ರ ಅಕ್ಟೋಬರ್‌ನಲ್ಲಿ, ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದರು ಮೂರ್ತಿಯವರು. ನಾನು ಕ್ಯಾಲೆಂಡರ್ ಹಿಂದೆ ಪೆನ್ಸಿಲಿನಲ್ಲಿ ಲೆಕ್ಕ ಹಾಕಿದೆ. ವಾರಕ್ಕೆ ಆರು ದಿನ ಅಂದರೂ ದಿನಕ್ಕೆ 11 ಗಂಟೆ 40 ನಿಮಿಷ. ಬೆಂಗಳೂರಿನಲ್ಲಿ ಹೋಗಿ ಬರುವ ಎರಡು ಮೂರು ಗಂಟೆ ಬೇರೆ. ಹಾಗೆ ದುಡಿಯುವವನ ಬಟ್ಟೆ ಒಗೆಯೋರು ಯಾರು, ಮಗುವಿಗೆ ಜ್ವರ ಬಂದರೆ ಎದ್ದು ಕೂರೋರು ಯಾರು? ದುಡಿಯೋಳು ಹೆಣ್ಣುಮಗಳಾದರೆ ಈ ಪ್ರಶ್ನೆಗೆ ಉತ್ತರವೂ ಅವಳೇ. ಅದು ಕಂಪನಿಯ ನಿಯಮವಲ್ಲ, ಹಿರಿಯರೊಬ್ಬರ ಅಭಿಪ್ರಾಯ ಅನ್ನೋದು ಸರಿಯೇ. ಆದರೂ ನಾವು ಅದನ್ನು ಮನೆಯ ಯಜಮಾನರು ಬೈದ ಹಾಗೆ ತಗೊಂಡು, ಒಂದೋ ತಲೆ ತಗ್ಗಿಸಿದೆವು, ಇಲ್ಲಾ ಎದುರು ಮಾತಾಡಿದೆವು.

ಇಷ್ಟು ದಿನದ ಹೆಮ್ಮೆ ಮುನಿಸುಗಳಲ್ಲಿ ಯಾರಿಗೂ ದೊಡ್ಡ ನಷ್ಟವೇನೂ ಆಗಿರಲಿಲ್ಲ. ನಷ್ಟ ಕಣ್ಣಿಗೆ ಕಂಡಿದ್ದು 2025ರ ಫೆಬ್ರವರಿಯಲ್ಲಿ. ಮೈಸೂರು ಕ್ಯಾಂಪಸ್ಸಿನಲ್ಲಿ ತರಬೇತಿಯಲ್ಲಿದ್ದ 300ಕ್ಕೂ ಹೆಚ್ಚು ಮಕ್ಕಳನ್ನು ಕಳಿಸಿಬಿಟ್ಟರು. ಮೂರು ಅವಕಾಶ ಕೊಟ್ಟರೂ ಒಳಗಿನ ಪರೀಕ್ಷೆ ಪಾಸಾಗಲಿಲ್ಲ, ಒಪ್ಪಂದದಲ್ಲೇ ಹೀಗಿದೆ ಅಂದಿತು ಕಂಪನಿ. ಸಂಖ್ಯೆ ಇನ್ನೂ ಹೆಚ್ಚು ಅಂದಿತು ನೌಕರರ ಸಂಘಟನೆ. ಕಾರ್ಮಿಕ ಇಲಾಖೆಯವರು ವಿಚಾರಣೆಗೆ ಹೋದರು. ಆ ಮಕ್ಕಳಲ್ಲಿ ಅನೇಕರು 2022ರಲ್ಲೇ ಆಫರ್ ಪಡೆದು, ಎರಡು ವರ್ಷ ಕಾದು ಸೇರಿದ್ದವರು. ನಮ್ಮ ಬೀದಿಯಲ್ಲಿ ಎರಡೇ ಮಾತು. ‘ಓದ್ಲಿಲ್ಲ, ಹೋದ್ರು’ ಅಂತ ಒಂದು. ‘ಅಷ್ಟು ದೊಡ್ಡ ಮನೆಯವರು ಹೀಗಾ ಮಾಡೋದು?’ ಅಂತ ಇನ್ನೊಂದು. ಎರಡೂ ನೆಂಟರ ಮಾತೇ. ತರಬೇತಿಯಲ್ಲಿರುವವರನ್ನು ತೆಗೆಯಲು ಎಷ್ಟು ದಿನದ ನೋಟಿಸ್ ಬೇಕು, ಅವರು ದೂರು ಕೊಡೋದು ಎಲ್ಲಿ, ಕಾನೂನು ಏನನ್ನುತ್ತೆ ಅಂತ ಒಬ್ಬರೂ ಕೇಳಲಿಲ್ಲ.

ನೀವು ಕೇಳಿದ್ದೀರೋ ಇಲ್ಲವೋ, 1946ರ ಸ್ಥಾಯಿ ಆದೇಶಗಳ ಕಾಯ್ದೆ ಅಂತ ಒಂದು 2025ರವರೆಗೆ ಇತ್ತು. ಕಾರ್ಖಾನೆಯಲ್ಲಿ ಕೆಲಸದ ಅವಧಿ, ರಜೆ, ಕೆಲಸದಿಂದ ತೆಗೆಯುವ ರೀತಿ ಇವುಗಳ ನಿಯಮಗಳನ್ನು ಮಾಲೀಕರು ಬರೆದು, ಕಾರ್ಮಿಕ ಇಲಾಖೆಯಿಂದ ಒಪ್ಪಿಗೆ ಪಡೆದು ಎಲ್ಲರಿಗೂ ಕಾಣುವಂತೆ ಹಾಕಬೇಕು ಅನ್ನುತ್ತಿತ್ತು ಅದು. ಕರ್ನಾಟಕ ಸರ್ಕಾರ ಐಟಿ ಕಂಪನಿಗಳಿಗೆ ಇದರಿಂದ ವಿನಾಯಿತಿ ಕೊಡುತ್ತಾ ಬಂದಿತ್ತು, 2024ರಲ್ಲಿ ಮತ್ತೆ ಐದು ವರ್ಷಕ್ಕೆ ಮುಂದುವರಿಸಿತು. ಒಂದು ಕಂಪನಿಗಲ್ಲ, ಇಡೀ ಐಟಿ ವಲಯಕ್ಕೆ. ಸುಮ್ಮನೆ ಕೊಟ್ಟಿರಲಿಲ್ಲ, ಷರತ್ತುಗಳಿದ್ದವು: ನೌಕರರ ದೂರು ಕೇಳುವ ಸಮಿತಿ ಇರಬೇಕು, ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇರಬೇಕು, ಅಮಾನತು ಮಾಡಿದರೆ, ಕೆಲಸದಿಂದ ತೆಗೆದರೆ ಕಾರ್ಮಿಕ ಇಲಾಖೆಗೆ ತಿಳಿಸಬೇಕು. ಅದೇ 2024ರ ಜುಲೈನಲ್ಲಿ ಕನ್ನಡಿಗರಿಗೆ ಉದ್ಯೋಗ ಮೀಸಲಾತಿಯ ಮಸೂದೆ ಬಂದು, ಎರಡೇ ದಿನದಲ್ಲಿ ತಡೆಹಿಡಿದಾಗ ಟಿವಿಯಲ್ಲಿ ವಾರಗಟ್ಟಲೆ ಕೂಗಾಟ. ಈ ವಿನಾಯಿತಿಯ ಬಗ್ಗೆ ಒಂದು ಸಂಜೆಯ ಚರ್ಚೆಯನ್ನೂ ನಾನು ನೋಡಿದ ನೆನಪಿಲ್ಲ. ಕೆಲಸ ಸಿಗುವುದರ ಬಗ್ಗೆ ಇರುವ ಕಾಳಜಿ, ಸಿಕ್ಕ ಕೆಲಸದಲ್ಲಿ ಮಗು ಹೇಗಿದೆ ಅನ್ನುವುದರ ಬಗ್ಗೆ ಯಾಕಿಲ್ಲ?

ಕೊಟ್ಟ ಕೈಯನ್ನು ಪ್ರಶ್ನೆ ಕೇಳೋದು ಹೇಗೆ ಅನ್ನುವ ಸಂಕೋಚವೂ ನಮಗಿದೆ. ಅದು ಸುಳ್ಳು ಸಂಕೋಚವಲ್ಲ. ಸಿಎಸ್‌ಆರ್ ಅನ್ನುವ ಕಾನೂನು ಬರುವ ಎಷ್ಟೋ ವರ್ಷ ಮೊದಲೇ, 1996ರಲ್ಲಿ, ಇನ್ಫೋಸಿಸ್ ಪ್ರತಿಷ್ಠಾನ ಶುರುವಾಯಿತು. ಜಯದೇವ ಆಸ್ಪತ್ರೆಗೆ 350 ಹಾಸಿಗೆಯ ಕಟ್ಟಡ ಕಟ್ಟಿಸಿಕೊಟ್ಟಿದ್ದಾರೆ. ನಮ್ಮ ಪೈಕಿಯವರೇ ಅಲ್ಲಿ ಮಲಗಿ ಎದ್ದು ಬಂದಿದ್ದಾರೆ. 2025ರ ಆಗಸ್ಟಿನಲ್ಲಿ ಶುರುವಾದ ಹಳದಿ ಮೆಟ್ರೊ ಮಾರ್ಗದ ಕೋನಪ್ಪನ ಅಗ್ರಹಾರ ನಿಲ್ದಾಣಕ್ಕೂ ದುಡ್ಡು ಕೊಟ್ಟಿದ್ದಾರೆ, ಹೆಸರೂ ಅವರದೇ. ಇದನ್ನೆಲ್ಲ ಮನಸಾರೆ ನೆನೆಯೋಣ. ಆಸ್ಪತ್ರೆಗೆ ಕೊಟ್ಟದ್ದು ಬೇರೆ, ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಸಿಗುವ ಸಂಬಳ ಬೇರೆ. ಈ ವಲಯದ ದೊಡ್ಡ ಕಂಪನಿಗಳಲ್ಲಿ ಹೊಸಬರ ಆರಂಭದ ಸಂಬಳ ವರ್ಷಕ್ಕೆ 3ರಿಂದ 4 ಲಕ್ಷದ ನಡುವೆ ನಿಂತು ಹತ್ತು ವರ್ಷದ ಮೇಲಾಯಿತು. ಅಷ್ಟರಲ್ಲಿ ಬೆಂಗಳೂರಿನ ಪಿಜಿ ಬಾಡಿಗೆ ಎಲ್ಲಿಗೆ ಹೋಗಿದೆ ಅಂತ ಮಕ್ಕಳನ್ನು ಅಲ್ಲಿಗೆ ಕಳಿಸಿರುವ ತಾಯಂದಿರನ್ನೇ ಕೇಳಿ.

ನಮ್ಮ ಹಿಂದಿನ ಬೀದಿಯ ಹುಡುಗಿಗೆ ಒಂದು ಸಾಫ್ಟ್‌ವೇರ್ ಕಂಪನಿಯಿಂದ ಆಫರ್ ಬಂದಾಗ ಅವರ ಮನೆಯವರು ಎಲ್ಲರಿಗೂ ಮೈಸೂರು ಪಾಕ್ ಹಂಚಿದ್ದರು. ಪತ್ರ ಹನ್ನೊಂದು ಪುಟ. ಮೊದಲ ಪುಟವನ್ನು ದೇವರ ಮುಂದೆ ಇಟ್ಟರು, ಉಳಿದ ಹತ್ತನ್ನು ಯಾರೂ ಓದಲಿಲ್ಲ. ಸೇರುವ ದಿನಾಂಕ ಮುಂದೆ ತಿಳಿಸಲಾಗುವುದು ಅಂತ ಅದರಲ್ಲೇ ಇತ್ತು. ಹದಿನಾಲ್ಕು ತಿಂಗಳು ಆ ಮಗು ಕಾಯಿತು. ‘ಇನ್ನೂ ಕರೆದಿಲ್ವಾ?’ ಅನ್ನೋರಿಗೆ ಹೆದರಿ ಮದುವೆ ಮುಂಜಿಗಳಿಗೆ ಬರೋದನ್ನೇ ನಿಲ್ಲಿಸಿತು. ಹೈಸ್ಕೂಲ್ ಮಕ್ಕಳಿಗೆ ಗಣಿತದ ಪಾಠ ಹೇಳಿಕೊಡುತ್ತಾ, ಕೊನೆಗೆ ಅದನ್ನು ಬಿಟ್ಟು ಬೇರೆ ಕಡೆ ಅರ್ಜಿ ಹಾಕಿತು.

ಕಳೆದ ವಾರ ಅವಳಿಗೆ ಇನ್ನೊಂದು ಕಡೆಯಿಂದ ಪತ್ರ ಬಂದಿದೆ. ಈ ಸಲ ಅವರಮ್ಮ ಕನ್ನಡಕ ಹಾಕಿಕೊಂಡು, ಮಗಳ ಕೈಲಿ ಪ್ರತಿ ಸಾಲಿಗೂ ಕನ್ನಡದಲ್ಲಿ ಅರ್ಥ ಹೇಳಿಸಿಕೊಂಡು ಓದಿದ್ದಾರೆ. ಆರನೇ ಪುಟದಲ್ಲಿ ಬೆರಳಿಟ್ಟು ನಿಲ್ಲಿಸಿ, ‘ನೀನು ಬಿಡಬೇಕಾದ್ರೆ ಮೂರು ತಿಂಗಳು ಮುಂಚೆ ಹೇಳ್ಬೇಕು, ಅವರು ತೆಗೀಬೇಕಾದ್ರೆ ಒಂದೇ ತಿಂಗಳು ಸಾಕಾ? ಯಾಕೆ ಹಾಗೆ ಅಂತ ಕೇಳು’ ಅಂದರಂತೆ. ಕೇಳಿದರೆ ಕೆಲಸವೇ ಹೋದೀತು ಅಂತ ಅವರಪ್ಪನಿಗೆ ಭಯ. ಆದರೂ ಹುಡುಗಿ ರಾತ್ರಿಯೇ ಇ-ಮೇಲ್ ಕಳಿಸಿದ್ದಾಳೆ. ನಾಳೆ ಹನ್ನೊಂದು ಗಂಟೆಗೆ ಆ ಕಂಪನಿಯವರು ಫೋನ್ ಮಾಡ್ತಾರಂತೆ.